ಗೋಡೆಯ ಬೂಷ್ಟೂ ನಮ್ಮ ಕಣ್ಣುಮುಚ್ಚಾಲೆಯೂ

ಪ್ರತಿವರ್ಷವೂ ಆಷಾಢ ಶ್ರಾವಣಗಳಲ್ಲಿ ನಮ್ಮ ಕರಾವಳಿ ಮಲೆನಾಡುಗಳ ಅಸಂಖ್ಯ ಮನೆಗಳ ಒಳಗೋಡೆಗಳ ಮೇಲೆ ಕಪ್ಪು ಕಲೆಗಳು ಮೂಡುವವು. ಪೆಟ್ಟಿಗೆಯಲ್ಲಿಟ್ಟ ರೇಶಿಮೆ ಸೀರೆ, ಕಪಾಟಿನೊಳಗಿನ ಪುಸ್ತಕ, ಗೂಟಕ್ಕೆ ತೂಗಹಾಕಿದ ಚರ್ಮದ ಚೀಲ, ಇವೂ ಬೂಷ್ಟು ಹಿಡಿಯದೆ ಉಳಿಯುವದಿಲ್ಲ. ಮಳೆ ಹಿಂದಾದ ಮೇಲೆ, ದೀಪಾವಳಿಯ ಹೊತ್ತಿಗೆ, ಮನೆಯ ಯಜಮಾನನು ಪೇಟೆಯಿಂದ ಒಂದು ಡಬ್ಬಿ ಬಣ್ಣ ತಂದು ಆ ಕಲೆಗಳನ್ನು ಮುಚ್ಚುವನು. ಮರುವರ್ಷದ ಆಷಾಢದಲ್ಲಿ ಅದೇ ಕಲೆಯು ಅದೇ ಸ್ಥಳದಲ್ಲಿ, ಮೊದಲಿಗಿಂತ ಅಂಗೈಯಷ್ಟು ಹಿರಿದಾಗಿ, ಮರಳಿ ಬರುವದು. ಈ ಕಣ್ಣುಮುಚ್ಚಾಲೆಯನ್ನು ಮನೆಯವರೂ ಆಡುವರು, ಶಾಲೆಗಳ ಆಡಳಿತ ಮಂಡಲಿಗಳೂ ಆಡುವವು, ಸರಕಾರವೂ ಆಡುವದು. ಬಣ್ಣಕ್ಕೆ ಹಣವು ಹೇಗೋ ದೊರೆಯುವದು. ನೀರು ಎಲ್ಲಿಂದ ಬಂತೆಂದು ಹುಡುಕುವದಕ್ಕೆ ಮಾತ್ರ ಯಾರಿಗೂ ಪುರಸತ್ತಿಲ್ಲ. ಇದರಿಂದ ಹಾನಿಯು ಕೇವಲ ಗೋಡೆಗಾಗಿದ್ದರೆ ನಾವು ಈ ಅಂಕಣವನ್ನು ಅದಕ್ಕೆ ಮೀಸಲಿಡುತ್ತಿರಲಿಲ್ಲ. ಆ ಗೋಡೆಯ ಮಗ್ಗುಲಲ್ಲಿ ಮಕ್ಕಳು ಮಲಗುವರು, ಮುದುಕರು ಉಸಿರಾಡುವರು. ಆದುದರಿಂದಲೇ ಇದು ಸಾರ್ವಜನಿಕರು ವಿಚಾರಿಸತಕ್ಕ ಸಂಗತಿಯಾಗಿದೆ.

ಬೂಷ್ಟೆಂಬದು ಗೋಡೆಗೆ ಬಂದ ರೋಗವೆಂದು ಜನರು ತಿಳಿಯುವರು. ನಿಜವಾಗಿ ಅದು ಲಕ್ಷಣ ಮಾತ್ರ; ರೋಗವೆಂದರೆ ನೀರು. ಶಿಲೀಂಧ್ರಗಳ ಕಣಗಳು ಗಾಳಿಯಲ್ಲಿ ಸದಾಕಾಲ ತೇಲುತ್ತಲೇ ಇರುವವು. ಅರಮನೆಯಲ್ಲಾಗಲಿ ಗುಡಿಸಿಲಿನಲ್ಲಾಗಲಿ ಅವು ಇಲ್ಲದ ಸ್ಥಳವಿಲ್ಲ. ಅವುಗಳಿಗೆ ಬೇಕಾದದ್ದು ಒಂದಿಷ್ಟು ಆಹಾರ, ಒಂದಿಷ್ಟು ಬೆಚ್ಚನೆಯ ಹವೆ, ಒಂದಿಷ್ಟು ತೇವ. ಕಟ್ಟಿಗೆ, ಕಾಗದ, ಹತ್ತಿ, ಧೂಳು, ಬಣ್ಣದೊಳಗಿನ ಅಂಟು, ಇವೆಲ್ಲವೂ ಅವುಗಳಿಗೆ ಆಹಾರವೇ. ಬೆಚ್ಚನೆಯ ಹವೆಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಉಳಿದದ್ದು ತೇವವೊಂದೇ, ಮತ್ತು ಮನುಷ್ಯನ ಕೈಯಲ್ಲಿರುವದೂ ಅದೊಂದೇ. ನೆನೆದ ವಸ್ತುವನ್ನು 24ರಿಂದ 48 ತಾಸುಗಳೊಳಗೆ ಒಣಗಿಸಿದರೆ ಬೂಷ್ಟು ಬಹುತರವಾಗಿ ಹುಟ್ಟುವದೇ ಇಲ್ಲವೆಂದು ತಜ್ಞರು ಹೇಳುವರು. ಗೋಡೆಯ ಮೈಗೆ ತಾಗಿದ ಗಾಳಿಯಲ್ಲಿ ಆರ್ದ್ರತೆಯು ನೂರಕ್ಕೆ 80ರ ಮೇಲೆ ಬಹುದಿನ ನಿಂತರೆ, ಒಂದು ಹನಿ ನೀರು ಸೋರದಿದ್ದರೂ ಬೂಷ್ಟು ಬರುವದು.

ಇಲ್ಲಿಯೇ ನಮ್ಮ ನಾಡಿನ ಕಷ್ಟವು ಪರದೇಶಗಳ ಕಷ್ಟಕ್ಕಿಂತ ಭಿನ್ನವಾಗುವದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವದು; ಮಂಗಳೂರಿನಲ್ಲಿ ಅದರ ಅರ್ಧದಷ್ಟಾದರೂ ಬೀಳುವದು; ಅದರಲ್ಲಿ ಬಹುಭಾಗವು ನಾಲ್ಕೇ ತಿಂಗಳುಗಳಲ್ಲಿ. ಆ ದಿನಗಳಲ್ಲಿ ಹೊರಗಿನ ಗಾಳಿಯೇ ನೀರುಂಡು ತೂಗುತ್ತಿರುವದು. ತಣ್ಣಗಿನ ದೇಶಗಳ ಪುಸ್ತಕಗಳಲ್ಲಿ ಬರೆದಿರುವ “ಕಿಡಕಿ ತೆರೆಯಿರಿ, ಗೋಡೆ ಒಣಗುವದು” ಎಂಬ ಉಪದೇಶವನ್ನು ಆಷಾಢದ ಕುಂದಾಪುರದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ ಪಾಲಿಸಿದರೆ ಹೊರಗಿನ ತೇವವನ್ನೇ ಒಳಗೆ ಕರೆದಂತಾಗುವದು. ಅಲ್ಲಿ ಬೇಕಾದದ್ದು ಗಾಳಿಯ ಚಲನೆ, ಒಂದಿಷ್ಟು ಶಾಖ, ಮತ್ತು ಮೋಡ ಹರಿದು ಬಿಸಿಲು ಬಿದ್ದ ದಿನವನ್ನು ವ್ಯರ್ಥವಾಗಿ ಕಳೆಯದ ಎಚ್ಚರ.

ಈ ಎಚ್ಚರವು ನಮ್ಮ ಹಿರಿಯರಿಗೆ ಇತ್ತು. ಅವರು ನೀರನ್ನು ಗೋಡೆಯಿಂದ ದೂರವಿಡುವದಕ್ಕೆ ಮನೆಯ ಆಕಾರವನ್ನೇ ಸಾಧನವನ್ನಾಗಿ ಮಾಡಿಕೊಂಡಿದ್ದರು. ಕಡಿದಾದ ಇಳಿಜಾರಿನ ಮಾಡು, ಗೋಡೆಯಿಂದ ಮೂರು ನಾಲ್ಕು ಅಡಿ ಮುಂಚಾಚಿದ ಸೂರು, ಸುತ್ತಲೂ ಜಗಲಿ, ನೆಲದಿಂದ ಎತ್ತರಿಸಿದ ಅಡಿಪಾಯ. ಪಡುವಣ ಗಾಳಿಯ ಇರಿಚಲು ಹೊಡೆಯುವ ದಿಕ್ಕಿಗೆ ಮಳೆಗಾಲಕ್ಕಷ್ಟೇ ಕಟ್ಟುವ ಸೋಗೆಯ ತಟ್ಟಿ. 19ನೆಯ ಶತಮಾನದ ಅರುವತ್ತರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ಆರಂಭಿಸಿದ ತರುವಾಯ ಹುಲ್ಲಿನ ಜಾಗದಲ್ಲಿ ಹಂಚು ಬಂದಿತಾದರೂ ಮಾಡಿನ ಇಳಿಜಾರು ಹಾಗೆಯೇ ಉಳಿಯಿತು. ಗೋಡೆಯು ಕರಾವಳಿಯಲ್ಲಿ ಮುರಕಲ್ಲಿನದು, ಮಲೆನಾಡಿನಲ್ಲಿ ಬಹುಮಟ್ಟಿಗೆ ಮಣ್ಣಿನದು. ಎರಡೂ ನೀರನ್ನು ಹೀರುವವು. ಆದರೆ ಹೀರಿದ್ದನ್ನು ಬಿಸಿಲು ಬಂದೊಡನೆ ಬಿಟ್ಟುಕೊಡುವವು. ಅವುಗಳ ಮೇಲೆ ಬಳಿಯುತ್ತಿದ್ದ ಸುಣ್ಣವೂ ಅದೇ ಸ್ವಭಾವದ್ದು. ಹೊಸದಾಗಿ ಬಳಿದ ಸುಣ್ಣವು ತೀವ್ರ ಕ್ಷಾರವಾದದ್ದರಿಂದ ಬೂಷ್ಟು ಅದರ ಮೇಲೆ ಬೇರೂರಲಾರದು. ಕಾಲಕ್ರಮದಲ್ಲಿ ಅದು ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತನ್ನ ಕ್ಷಾರವನ್ನು ಕಳೆದುಕೊಳ್ಳುವದು. ಆದುದರಿಂದ ವರ್ಷಕ್ಕೊಮ್ಮೆ ಮತ್ತೆ ಬಳಿಯುವದು ಅವಶ್ಯ. ಹಬ್ಬದ ಸುಣ್ಣವನ್ನು ಕೇವಲ ಶೃಂಗಾರವೆಂದು ತಿಳಿದವರು ಅರ್ಧವನ್ನೇ ತಿಳಿದಂತಾಯಿತು.

ಅಡಿಗೆಮನೆಯ ಒಲೆಯ ಹೊಗೆಯು ಅಟ್ಟದ ಮೂಲಕ ಏರಿ ತೊಲೆಜಂತೆಗಳನ್ನು ಒಣಗಿಸಿ ಕಾಪಾಡುತ್ತಿದ್ದದ್ದೂ ನಿಜ. ಆದರೆ ಆ ಹೊಗೆಯು ನಮ್ಮ ತಾಯಂದಿರ ಕಣ್ಣು ಎದೆಗಳನ್ನು ಸುಟ್ಟದ್ದೂ ಅಷ್ಟೇ ನಿಜ. ಒಲೆ ಹೋಗಿ ಗ್ಯಾಸು ಬಂದದ್ದಕ್ಕೆ ಮರುಗುವವರಲ್ಲಿ ನಾವು ಸೇರಿಲ್ಲ. ಒಲೆಯು ಹೋದಾಗ ಅದು ಸದ್ದಿಲ್ಲದೆ ಮಾಡುತ್ತಿದ್ದ ಒಣಗಿಸುವ ಕೆಲಸಕ್ಕೆ ಬದಲಿ ಏರ್ಪಾಡನ್ನು ಯಾರೂ ಯೋಚಿಸಲಿಲ್ಲವೆಂದಷ್ಟೇ ನಮ್ಮ ಆಕ್ಷೇಪಣೆ.

ಅಡಿಕೆ ಬೆಳೆಯುವ ನಮ್ಮ ರೈತನನ್ನು ನೋಡಿರಿ. ಕೊಳೆರೋಗವು ಮಳೆಯ ಕೂಸೆಂಬದನ್ನು ಅವನು ಬಲ್ಲನು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಆ ರೋಗದ ವಿಷಯವಾಗಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ದ್ರಾವಣವನ್ನು ಮಳೆ ಬಲವಾಗುವ ಮೊದಲೇ ಗೊನೆಗಳಿಗೆ ಸಿಂಪಡಿಸುವದು ಇಂದಿಗೂ ತೋಟದ ಪದ್ಧತಿ. ಕಾಯಿ ಕೊಳೆತ ಮೇಲೆ ಅದಕ್ಕೆ ಬಣ್ಣ ಬಳಿಯುವ ರೈತನು ಎಲ್ಲಿಯೂ ಇಲ್ಲ! ತೋಟದಲ್ಲಿರುವ ಈ ವಿವೇಕವು ಹಿತ್ತಲಿನ ಬಾಗಿಲು ದಾಟಿ ಮನೆಯೊಳಗೆ ಬಾರದಿರುವದು ವಿಚಿತ್ರವಾಗಿದೆ.

ಮನೆಯಲ್ಲಿ ಆದದ್ದೇನು? ಇಂಗ್ಲಂಡದಲ್ಲಿ 1824ರಲ್ಲಿ ಹಕ್ಕುಪತ್ರ ಪಡೆದ ಪೋರ್ಟಲ್ಯಾಂಡ್ ಸಿಮೆಂಟು ಹಿಂದುಸ್ತಾನದಲ್ಲಿ 1914ರಲ್ಲಿ ಪೋರಬಂದರದ ಕಾರಖಾನೆಯಿಂದ ಹೊರಬೀಳತೊಡಗಿತು. ಅದರ ಶಕ್ತಿಯನ್ನು ನಾವು ಅಲ್ಲಗಳೆಯುವದಿಲ್ಲ. ಅಣೆಕಟ್ಟು, ಸೇತುವೆ, ನೀರಿನ ತೊಟ್ಟಿ, ಬಚ್ಚಲುಮನೆ, ಇವು ಅದರ ಕ್ಷೇತ್ರಗಳು. ಆದರೆ ಮಣ್ಣಿನ ಹಳೆಯ ಗೋಡೆಗೂ, ಗಚ್ಚಿನ ಗೋಡೆಗೂ, ಮುರಕಲ್ಲಿಗೂ ಅದನ್ನೇ ಮೆತ್ತಿ “ಮನೆಯನ್ನು ಭದ್ರಪಡಿಸಿದೆವು” ಎಂದು ಜನರು ತೃಪ್ತಿ ಪಡುವರು. ಸಿಮೆಂಟಿನ ಗಿಲಾವು ಗಡಸು. ಒಳಗಿನ ಗೋಡೆ ಮೆತು. ಹವೆಯ ಏರಿಳಿತಕ್ಕೆ ಎರಡೂ ಒಂದೇ ತೆರನಾಗಿ ಹಿಗ್ಗಿ ಕುಗ್ಗಲಾರವು. ಆದುದರಿಂದ ಗಿಲಾವಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬೀಳುವವು. ಆ ಬಿರುಕುಗಳಿಂದ ನೀರು ಸುಲಭವಾಗಿ ಒಳಗೆ ಹೋಗುವದು. ಹೊರಬರುವದಕ್ಕೆ ಮಾತ್ರ ಗಿಲಾವು ಎಡೆಗೊಡುವದಿಲ್ಲ. ಇದರ ಮೇಲೆ ಎಣ್ಣೆಬಣ್ಣವನ್ನೋ ಪ್ಲಾಸ್ಟಿಕ್ಕಿನ ಬಣ್ಣವನ್ನೋ ಹಚ್ಚಿದರೆ ಸೆರೆಮನೆಯ ಬಾಗಿಲಿಗೆ ಬೀಗ ಹಾಕಿದಂತೆ. ಸೆರೆಯಾದ ನೀರು ಬಣ್ಣದ ಹಿಂದೆ ಬೊಕ್ಕೆಯೆಬ್ಬಿಸಿ, ಉಪ್ಪನ್ನು ಹೊರದೂಡಿ, ಕೊನೆಗೆ ಗಿಲಾವನ್ನೇ ಹಪ್ಪಳದಂತೆ ಎಬ್ಬಿಸಿ ಕೆಡಹುವದು. ವಿಜಯಪುರದ ಗೋಳಗುಮ್ಮಟವನ್ನು 17ನೆಯ ಶತಮಾನದಲ್ಲಿ ಕಟ್ಟಿದವರು ಇಟ್ಟಿಗೆಗೂ ಗಚ್ಚಿಗೂ ಇರುವ ಸ್ನೇಹವನ್ನು ಅರಿತಿದ್ದರು. ಇಂದು ತಿಳಿವಳಿಕೆಯುಳ್ಳ ಗೌಂಡಿಯನ್ನು ಗಚ್ಚಿನ ಕೆಲಸಕ್ಕೆ ಹುಡುಕಿದರೆ ಊರಿಗೊಬ್ಬನು ಸಿಕ್ಕುವದೂ ದುರ್ಲಭವಾಗಿದೆ. ಆ ವಿದ್ಯೆಯನ್ನು ಕಲಿಸುವ ಏರ್ಪಾಡು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಆಗಬೇಕೆಂದು ನಾವು ಒತ್ತಿ ಹೇಳುವೆವು.

ಹಾಗೆಂದು ಕಾಂಕ್ರೀಟಿನ ಮನೆಗಳನ್ನೆಲ್ಲ ಕೆಡವಿ ಹಂಚು ಹೊದಿಸಿರೆಂದು ಯಾರೂ ಹೇಳಲಾರರು. ಕರಾವಳಿಯ ಜನರು ಸ್ವತಃ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಮೊದಲು ಸಾಲ ಮಾಡಿ ಸಪಾಟಾದ ತಾರಸಿಯನ್ನು ಹಾಕಿಸುವರು. ಹತ್ತು ಮಳೆಗಾಲಗಳು ಕಳೆಯುವದರೊಳಗೆ ಮತ್ತೊಮ್ಮೆ ಸಾಲ ಮಾಡಿ ಆ ತಾರಸಿಯ ಮೇಲೆ ಇಳಿಜಾರಾದ ತಗಡಿನ ಮಾಡನ್ನು ಕಟ್ಟಿಸುವರು. ಮಾಡಿಗೊಂದು ಮಾಡು! ಹೀಗೆ ಎರಡು ಮಾಡುಗಳ ಹಣ ಕೊಟ್ಟ ಮೇಲೆ ಹಿರಿಯರ ಒಂದೇ ಮಾಡಿನ ಪ್ರಯೋಜನವು ದೊರೆಯುವದು. ತಾರಸಿಯನ್ನೇ ಹಾಕತಕ್ಕದ್ದಾದರೆ ಅದಕ್ಕೆ ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಇರಲಿ, ನೀರು ಹೋಗುವ ಕೊಳವೆಯ ಬಾಯಲ್ಲಿ ಎಲೆಕಸ ನಿಲ್ಲದಿರಲಿ. ಕಿಡಕಿಯ ಮೇಲಿನ ಸಜ್ಜೆಯ ತುದಿಯಡಿಯಲ್ಲಿ ಉದ್ದಕ್ಕೂ ಒಂದು ಬೆರಳಗಲದ ಗೀರನ್ನು ಕೊರೆದಿಟ್ಟರೆ ಮಳೆನೀರು ಅಲ್ಲಿಯೇ ಹನಿಯಾಗಿ ಕೆಳಗೆ ಬೀಳುವದು. ಗೀರಿಲ್ಲದಿದ್ದರೆ ಅದು ಸಜ್ಜೆಯ ಅಡಿಮೈಯನ್ನು ಹಿಡಿದು ನಡೆದು ಗೋಡೆಯನ್ನು ಸೇರುವದು. ಅರ್ಧ ದಿನದ ಕೂಲಿಯ ಕೆಲಸವಿದು. ಎಷ್ಟೋ ಹೊಸ ಮನೆಗಳಲ್ಲಿ ಇದನ್ನು ಮರೆತುಬಿಟ್ಟಿರುವದನ್ನು ವಾಚಕರು ತಲೆಯೆತ್ತಿ ನೋಡಿದರೆ ಕಾಣಬಹುದು.

ಇನ್ನು ಕಲೆ ಕಂಡಾಗ ಮಾಡತಕ್ಕದ್ದೇನು? ಬಣ್ಣದ ಅಂಗಡಿಗೆ ಹೋಗುವ ಮೊದಲು ಗೋಡೆಯನ್ನು ಓದಬೇಕು. ನೆಲದಿಂದ ಎದ್ದು ಮೊಣಕಾಲು ಅಥವಾ ಸೊಂಟದ ಮಟ್ಟದವರೆಗೆ ಸಾಲಾಗಿ ಹಬ್ಬಿ, ಮೇಲಂಚಿನಲ್ಲಿ ಬಿಳಿಯ ಉಪ್ಪನ್ನು ಬಿಟ್ಟ ತೇವವು ನೆಲದೊಳಗಿನಿಂದ ಏರಿದ್ದು. ಕಂದೀಲಿನ ಬತ್ತಿಯಲ್ಲಿ ಎಣ್ಣೆಯು ಏರುವಂತೆ ಇಟ್ಟಿಗೆಯ ಸೂಕ್ಷ್ಮರಂಧ್ರಗಳಲ್ಲಿ ನೀರು ಏರುವದು. ಅಂಥಲ್ಲಿ ಹೊರಗಿನ ಅಂಗಳವು ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೋ, ಸೂರಿನ ನೀರು ಗೋಡೆಯ ಬುಡದಲ್ಲಿಯೇ ಹೊಂಡ ತೋಡಿದೆಯೋ ನೋಡಬೇಕು. ಅಂಗಳವು ವರ್ಷ ವರ್ಷವೂ ಮಣ್ಣು ತುಂಬಿ ಏರುವದು, ರಸ್ತೆಯೂ ಡಾಂಬರು ಬಿದ್ದಂತೆ ಏರುವದು. ಮನೆ ಮಾತ್ರ ಇದ್ದಲ್ಲಿಯೇ ಇದ್ದು ತಗ್ಗಾಗುವದು. ಮೇಲಿನಿಂದ ಇಳಿದ ಕಲೆಯು ತಾರಸಿಯದು, ಅಥವಾ ಒಡೆದ ಹಂಚಿನದು. ಬಚ್ಚಲಿನ ಆಚೆಯ ಗೋಡೆಯಲ್ಲಿ ಬೇಸಿಗೆಯಲ್ಲಿಯೂ ಆರದ ಕಲೆಯಿದ್ದರೆ ಕೊಳವೆ ಸೋರುತ್ತಿದೆಯೆಂದೇ ತಿಳಿಯತಕ್ಕದ್ದು. ಕಪಾಟಿನ ಹಿಂದೆ, ಮೂಲೆಗಳಲ್ಲಿ ಹರಡಿದ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಹೊರಗಿನ ಮಳೆಯವಲ್ಲ. ಅಡಿಗೆಯ ಆವಿ, ಸ್ನಾನದ ಆವಿ, ಕೋಣೆಯೊಳಗೆ ಹಗ್ಗ ಕಟ್ಟಿ ಒಣಗಹಾಕಿದ ಬಟ್ಟೆಯ ಆವಿ, ಇವು ತಣ್ಣಗಿನ ಗೋಡೆಗೆ ತಾಗಿ ನೀರಾದದ್ದರ ಫಲ. ಸಂಶಯ ಬಂದರೆ ಒಂದು ಸಣ್ಣ ಪರೀಕ್ಷೆಯುಂಟು: ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಬಿಗಿಯಾಗಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿರಿ. ನೀರಹನಿಗಳು ಹಾಳೆಯ ಹಿಂದೆ ಕೂಡಿದರೆ ಅವು ಗೋಡೆಯೊಳಗಿನವು. ಕೋಣೆಯ ಕಡೆಗೆ ಕೂಡಿದರೆ ಗಾಳಿಯೊಳಗಿನವು. ಎರಡನೆಯದಕ್ಕೆ ಕಪಾಟನ್ನು ಗೋಡೆಯಿಂದ ಒಂದು ಗೇಣು ಸರಿಸುವದು, ಅಡಿಗೆಮನೆ ಬಚ್ಚಲುಗಳ ಆವಿಯನ್ನು ಪಂಖದಿಂದ ಹೊರದೂಡುವದು, ಇಷ್ಟರಿಂದಲೇ ಬಹಳಷ್ಟು ಗುಣವಾಗುವದು. ಮೊದಲನೆಯದಕ್ಕೆ ನೀರಿನ ದಾರಿಯನ್ನು ಕಟ್ಟುವವರೆಗೆ ಬೇರೆ ಮದ್ದಿಲ್ಲ.

ನೀರು ನಿಂತ ಮೇಲೆ ಬೂಷ್ಟನ್ನು ತೆಗೆಯಬೇಕು. ಒಣ ಕಸಬರಿಗೆಯಿಂದ ಉಜ್ಜಿದರೆ ಅದರ ಕಣಗಳು ಮನೆತುಂಬ ಹಾರುವವು. ಮೂಗು ಬಾಯಿಗಳಿಗೆ ಮುಖಕವಚ ಕಟ್ಟಿ, ಕೈಚೀಲ ತೊಟ್ಟು, ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಸ್ಥಳವನ್ನು ಪೂರ್ಣವಾಗಿ ಒಣಗಿಸತಕ್ಕದ್ದು. ದಮ್ಮಿನ ರೋಗಿಗಳೂ ಮಕ್ಕಳೂ ಆ ಹೊತ್ತು ಬೇರೆಡೆಗಿರಲಿ. ಹತ್ತಿಯ ಹಾಸಿಗೆ, ಪ್ಲಾಯಿವುಡ್ಡು, ಜಿಪ್ಸಮ್ಮಿನ ಒಳಮಾಳಿಗೆ, ಇವುಗಳೊಳಗೆ ಬೂಷ್ಟು ಹೊಕ್ಕರೆ ತೊಳೆದು ಫಲವಿಲ್ಲ. ಬಡವನಿಗೆ ಹಾಸಿಗೆ ಎಸೆಯಿರೆಂದು ಹೇಳುವದು ಕಠಿಣವಾದರೂ ಹೇಳದೆ ಗತ್ಯಂತರವಿಲ್ಲ. ಬ್ಲೀಚಿನ ದ್ರಾವಣದ ಮೇಲೆ ಕೆಲವರಿಗೆ ಅತಿಯಾದ ಭರವಸೆಯುಂಟು. ಅದು ಬೂಷ್ಟಿನ ಬಣ್ಣವನ್ನು ಬಿಳುಪುಗೊಳಿಸುವದು, ಆದರೆ ರಂಧ್ರಗಳುಳ್ಳ ಗೋಡೆಯ ಆಳಕ್ಕೆ ಮುಟ್ಟುವದು ಕಡಿಮೆ. ಸತ್ತ ಬೂಷ್ಟಿನ ಕಣವೂ ಉಸಿರಾಟಕ್ಕೆ ತೊಂದರೆ ಕೊಡುವದರಿಂದ ಕೊಲ್ಲುವದಕ್ಕಿಂತ ತೆಗೆಯುವದೇ ಮುಖ್ಯ. ಬ್ಲೀಚನ್ನು ಕಕ್ಕಸು ತೊಳೆಯುವ ಆಮ್ಲದೊಡನೆ ಎಂದಿಗೂ ಕೂಡಿಸತಕ್ಕದ್ದಲ್ಲ. ಹಾಗೆ ಕೂಡಿಸಿದರೆ ಕ್ಲೋರಿನ್ ಎಂಬ ವಿಷವಾಯು ಹುಟ್ಟುವದು. ಹತ್ತು ಚದರ ಅಡಿಗಿಂತ ಹೆಚ್ಚಾಗಿ ಹಬ್ಬಿದ ಬೂಷ್ಟನ್ನು ಮನೆಯವರು ತಾವೇ ಮುಟ್ಟದೆ ಬಲ್ಲವರನ್ನು ಕರೆಯುವದು ಲೇಸೆಂದು ಅಮೇರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಹೇಳುವದು.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಗದ್ದಲವೇಕೆಂದು ಕೇಳುವವರುಂಟು. ಜಾಗತಿಕ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ತೇವ ಮತ್ತು ಬೂಷ್ಟುಗಳಿರುವ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ ಮತ್ತು ಉಸಿರಾಟದ ಇತರ ತೊಂದರೆಗಳು ಹೆಚ್ಚೆಂದು ಸ್ಪಷ್ಟವಾಗಿ ಹೇಳಿದೆ. ಇಂತಿಷ್ಟು ಬೂಷ್ಟಿದ್ದರೆ ಚಿಂತೆಯಿಲ್ಲವೆಂಬ ಅಂಕೆಯೊಂದನ್ನು ಅದು ಕೊಡಲಿಲ್ಲ, ತೇವವನ್ನೇ ತಡೆಯಿರೆಂದಿತು. ಹಾಗೆಂದು ಅಂಜಿಕೆಯನ್ನು ಬೆಳೆಸುವದೂ ಸಲ್ಲ. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ “ಕಪ್ಪು ಶಿಲೀಂಧ್ರ”ದ ಹೆಸರನ್ನು ಕೇಳಿದವರು ಗೋಡೆಯ ಕಪ್ಪು ಕಲೆಯೂ ಅದೇ ಎಂದು ಬೆದರಿದರು. ಆ ವ್ಯಾಧಿಯು ಮುಖ್ಯವಾಗಿ ಮಧುಮೇಹ ಮತ್ತು ಸ್ಟಿರಾಯ್ಡ್ ಔಷಧಗಳಿಂದ ದುರ್ಬಲರಾದವರಿಗೆ ಬಂದದ್ದು. ಗೋಡೆಯ ಬೂಷ್ಟಿನ ಗುಣದೋಷವನ್ನು ಅದರ ಬಣ್ಣದಿಂದ ನಿರ್ಣಯಿಸಲಾಗದು.

ಇದು ನಮ್ಮ ಮಳೆನಾಡಿನ ಬಡಮನೆಗಳದೇ ಗೋಳೆಂದೂ ತಿಳಿಯತಕ್ಕದ್ದಲ್ಲ. ಸಿರಿವಂತ ಇಂಗ್ಲಂಡದ ರೋಚ್‌ಡೇಲ್ ಪಟ್ಟಣದಲ್ಲಿ 2020ರ ದಶಂಬರದಲ್ಲಿ ಎರಡು ವರ್ಷದ ಕೂಸೊಂದು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ತಂದೆಯು 2017ರಿಂದಲೇ ಮನೆಯ ಬೂಷ್ಟಿನ ವಿಷಯವಾಗಿ ಬಾಡಿಗೆ ಮನೆಗಳ ಸಂಸ್ಥೆಗೆ ದೂರಿಕೊಂಡಿದ್ದನು. ಅವನಿಗೆ ದೊರೆತ ಉತ್ತರ: ಮೇಲೆ ಬಣ್ಣ ಬಳಿಯಿರಿ. ಆ ವಲಸೆಯ ಕುಟುಂಬದ ಸ್ನಾನದ ರೀತಿ, ಅಡಿಗೆಯ ರೀತಿಗಳಿಂದಲೇ ತೇವ ಹುಟ್ಟಿತೆಂದು ಊಹಿಸಿ ದೋಷವನ್ನು ಅವರ ಮೇಲೆಯೇ ಹೊರಿಸಲಾಯಿತು. ಬೂಷ್ಟೇ ಮರಣಕ್ಕೆ ಕಾರಣವೆಂದು 2022ರ ನವಂಬರದಲ್ಲಿ ವಿಚಾರಣೆಯ ಅಧಿಕಾರಿಯು ನಿರ್ಣಯ ಕೊಟ್ಟಳು. 2023ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಅದರ ಮೇರೆಗೆ 2025ರ ಅಕ್ಟೋಬರದಿಂದ ಸಾರ್ವಜನಿಕ ಬಾಡಿಗೆ ಮನೆಗಳ ಒಡೆಯರು ಅಪಾಯಕಾರಿ ತೇವದ ದೂರನ್ನು ಹತ್ತು ಕೆಲಸದ ದಿನಗಳೊಳಗೆ ಪರಿಶೀಲಿಸಬೇಕಾಗಿದೆ. ನಮ್ಮಲ್ಲಿಯೂ ಮನೆಯ ಒಡೆಯನು ಬಾಡಿಗೆಯವನಿಗೆ “ನೀವು ಬಟ್ಟೆ ಒಳಗೆ ಒಣಗಿಸುವಿರಿ” ಎನ್ನುವದನ್ನೂ, ಗಂಡನು ಹೆಂಡತಿಗೆ “ಮನೆಯನ್ನು ಚೊಕ್ಕಟವಿಡಲಿಲ್ಲ” ಎನ್ನುವದನ್ನೂ ಯಾರು ಕೇಳಿಲ್ಲ? ಸೋರುವ ತಾರಸಿಯ ಪಾಪವನ್ನು ಹೆಣ್ಣುಮಗಳ ಕಸಬರಿಗೆಯು ತೊಳೆಯಲಾರದು.

ಬಯಲುಸೀಮೆಯು ಈ ಪೀಡೆಯಿಂದ ದೂರವೆಂದು ಒಂದು ಕಾಲಕ್ಕೆ ತಿಳಿದಿದ್ದೆವು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಬೆಳಗಾವಿ ಬಾಗಲಕೋಟೆಗಳ ಕಡೆಗೆ ಊರಿಗೆ ಊರನ್ನೇ ಮುಳುಗಿಸಿದವು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಬರದ ಬಿಸಿಲಿಗೆ ತಕ್ಕವೇ ಹೊರತು ದಿನಗಟ್ಟಲೆ ನಿಲ್ಲುವ ನೀರಿಗಲ್ಲ. ಹಾನಿಯನ್ನು ಅಳೆದು ಎ, ಬಿ, ಸಿ ಎಂದು ವರ್ಗ ಮಾಡಿ ಪರಿಹಾರ ಕೊಡುವ ಪದ್ಧತಿಯು ಬಂದಿತು. ಪಂಚನಾಮೆಯ ದಿನದಂದು ಕಣ್ಣಿಗೆ ಕಂಡ ಬಿರುಕನ್ನೂ ಬಿದ್ದ ಗೋಡೆಯನ್ನೂ ಬರೆದುಕೊಳ್ಳುವದು ಸರಿಯೇ. ಆದರೆ ನೆನೆದು ನಿಂತ ಗೋಡೆಯು ತನ್ನ ಹಾನಿಯನ್ನು ಅಂದೇ ಹೇಳುವದಿಲ್ಲ. ಎರೆಮಣ್ಣು ನೀರುಂಡು ಉಬ್ಬಿದ್ದು ಬೇಸಿಗೆಯಲ್ಲಿ ಕುಗ್ಗಿದಾಗ ಅಡಿಪಾಯವು ಅಲುಗುವದು. ಒಳಗಿನ ತೇವವು ಹೊರಬರುವಾಗ ಉಪ್ಪು ಗಿಲಾವನ್ನು ಕಿತ್ತುವದು. ಕಟ್ಟಡ ಬಲ್ಲವರಲ್ಲಿ ಒಂದು ಸ್ಥೂಲವಾದ ಲೆಕ್ಕವುಂಟು: ನೆನೆದ ಗೋಡೆಯ ಒಂದು ಅಂಗುಲ ದಪ್ಪವು ಒಣಗುವದಕ್ಕೆ ಒಂದು ತಿಂಗಳು. ನಮ್ಮ ಬಿಸಿಲಿಗೆ ಇದು ಕಡಿಮೆಯಾದೀತು. ಆದರೂ ಹಳ್ಳಿಯ ಗೋಡೆಗಳ ದಪ್ಪವನ್ನು ನೆನೆದರೆ, ನೆರೆ ಇಳಿದ ಮರುತಿಂಗಳೇ ಸಿಮೆಂಟು ಮೆತ್ತಿ ಬಣ್ಣ ಬಳಿಯುವದು ಎಂಥ ಅವಿವೇಕವೆಂಬದು ತಿಳಿಯುವದು. ನೆರೆ ಇಳಿದೊಡನೆ ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಮುಟ್ಟುವ ಮೊದಲು ಬಲ್ಲವನಿಂದ ತಪಾಸಣೆ, ಕೆಸರು ಹಸಿಯಿರುವಾಗಲೇ ಅದನ್ನು ಹೊರಹಾಕುವದು, ಸಡಿಲಾದ ಗಿಲಾವನ್ನು ಕೆತ್ತಿ ಗೋಡೆಯ ಮೈಯನ್ನು ಗಾಳಿಗೆ ತೆರೆದಿಡುವದು. ಇವು ಮೊದಲಿನ ಕೆಲಸಗಳು. ಮನೆಗಳ ಎರಡನೆಯ ತಪಾಸಣೆಯು ಆರು ತಿಂಗಳ ತರುವಾಯ ಕಡ್ಡಾಯವಾಗಿ ನಡೆಯಬೇಕು. ಮೊದಲಿನ ಪಂಚನಾಮೆಯಲ್ಲಿ ಕೆಳವರ್ಗಕ್ಕೆ ಬಿದ್ದವನು ಬೇಸಿಗೆಯಲ್ಲಿ ಗೋಡೆ ಕುಸಿದಾಗ ಕಚೇರಿಯ ಬಾಗಿಲು ಕಾಯುವಂತಾಗುವದು ನ್ಯಾಯವಲ್ಲ.

ಶಾಲೆಗಳ ವಿಷಯವಾಗಿ ನಮ್ಮದೊಂದು ಸೂಚನೆಯುಂಟು. ಸರಕಾರಿ ಕಟ್ಟಡಗಳ ದುರಸ್ತಿಯ ಅಂದಾಜುಪಟ್ಟಿಯು ಬೇಸಿಗೆಯಲ್ಲಿ ತಯಾರಾದರೆ ಗೋಡೆಗಳು ಆಗ ಒಣಗಿ ಗಟ್ಟಿಯಾಗಿರುವವು. ಇಂಜಿನಿಯರರಿಗೆ ಕಾಣುವದು ಕಲೆ ಮಾತ್ರ, ಕಲೆ ಮಾಡಿದ ನೀರಲ್ಲ. ಆದುದರಿಂದ ಪಟ್ಟಿಯಲ್ಲಿ “ಬಣ್ಣ” ಎಂಬ ಬಾಬು ದೊಡ್ಡದಾಗಿಯೂ, “ಕೊಳವೆ, ಇಳಿಜಾರು, ಚರಂಡಿ” ಎಂಬ ಬಾಬು ಇಲ್ಲದೆಯೂ ಇರುವದು ಸ್ವಾಭಾವಿಕ. ತಪಾಸಣೆಯು ಆಷಾಢದಲ್ಲಿ, ಮಳೆ ಸುರಿಯುತ್ತಿರುವಾಗಲೇ ಆಗತಕ್ಕದ್ದು. ಅದಕ್ಕೆ ಮೊದಲು ಮಾಸ್ತರರು ತಾವೇ ಒಂದು ಕೆಲಸ ಮಾಡಬಹುದು. ತೇವದ ಕಲೆಯ ಅಂಚಿನುದ್ದಕ್ಕೂ ಸೀಸದಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯಲಿ. ಎಂಟು ದಿನಗಳ ತರುವಾಯ ಕಲೆಯು ಎಲ್ಲಿಗೆ ಮುಟ್ಟಿತೋ ಅಲ್ಲಿ ಇನ್ನೊಂದು ಗೆರೆ ಎಳೆಯಲಿ. ದೊಡ್ಡ ತರಗತಿಯ ಹುಡುಗರು ಇದನ್ನು ಉತ್ಸಾಹದಿಂದ ಮಾಡಿಯಾರು. ಮಳೆಗಾಲವು ಮುಗಿಯುವ ಹೊತ್ತಿಗೆ ನೀರು ಯಾವ ದಿಕ್ಕಿನಿಂದ, ಯಾವ ಮಳೆಗೆ, ಎಷ್ಟು ಬಂದಿತೆಂಬ ದಾಖಲೆಯು ಗೋಡೆಯ ಮೇಲೆಯೇ ಇರುವದು. ತಪಾಸಣೆಗೆ ಬಂದ ಅಧಿಕಾರಿಗಳು ಆ ಗೆರೆಗಳನ್ನು ತಮ್ಮ ಪಟ್ಟಿಯಲ್ಲಿ ಬರೆದುಕೊಳ್ಳದೆ ಬಣ್ಣಕ್ಕೆ ಮಂಜೂರಿ ಕೊಡಕೂಡದೆಂದು ಶಾಲಾಭಿವೃದ್ಧಿ ಸಮಿತಿಗಳು ಹಟ ಹಿಡಿಯಲಿ.